ಇವತ್ತು ಎಷ್ಟು ಜನ ಬಂದಿದ್ರು?

ಬೆಳಿಗ್ಗೆ ಓಡಿ ಬಂದು ಬೆವರು ಆರುವುದರೊಳಗೆ ಅಮ್ಮನಿಗೆ ಫೋನ್ ಮಾಡುವುದು ನನ್ನ ಹಳೇ ರೂಢಿ. ಬೆಂಗಳೂರಿನಲ್ಲಿದ್ದ ಒಂಬತ್ತು ವರ್ಷವೂ ಹಾಗೇ, ಈಗ ಶಿವಮೊಗ್ಗಕ್ಕೆ ಬಂದ ಮೇಲೂ ಹಾಗೇ. ಅಮ್ಮ ಇರುವುದು ತೀರ್ಥಹಳ್ಳಿ ಹತ್ತಿರದ ಊರಲ್ಲಿ. ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಹೊತ್ತಾಯಿತು ಎಂದು ಅವಳು ಇವತ್ತಿನವರೆಗೂ ಕೇಳಿದ್ದಿಲ್ಲ. ಅವಳದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಜನ ಬಂದಿದ್ರು?" ಮೊದಮೊದಲು ಇದು ಮಾತಿಗೆ ಮಾತು ಅಂತ ಕೇಳುವುದು ಅಂದುಕೊಂಡಿದ್ದೆ. ಅದು ನೆಟ್ಟಿ ಕಾಲದ, ಅಂದರೆ ಭತ್ತದ ಸಸಿ ನೆಡುವ ಕಾಲದ ಪ್ರಶ್ನೆ ಎಂದು ಹೊಳೆಯುವುದಕ್ಕೆ ಬಹಳ ದಿನ ಹಿಡಿಯಿತು.

ನಾನು ಓಡಲು ಶುರು ಮಾಡಿದ್ದು ಒಬ್ಬಳೇ. ಆಗ ವಸಂತನಗರದ ಒಂದು ಪೀಜಿಯಲ್ಲಿದ್ದೆ. ಊರಲ್ಲಿದ್ದಾಗ ದಿನಕ್ಕೆರಡು ಸಲ ಗುಡ್ಡ ಹತ್ತಿಳಿದು ಬಸ್ಸು ಹಿಡಿಯುತ್ತಿದ್ದ ಕಾಲುಗಳಿಗೆ ಲಿಫ್ಟು ಅಭ್ಯಾಸವಾಗಿತ್ತು, ಇಡೀ ದಿನ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಓಡತೊಡಗಿದೆ. ಹನ್ನೊಂದನೇ ದಿನ ಬೈಕಿನವನೊಬ್ಬ ಎರಡು ರಸ್ತೆ ದಾಟುವವರೆಗೂ ಹಿಂದೆ ಹಿಂದೆಯೇ ನಿಧಾನಕ್ಕೆ ಬಂದ. ಹಾಲಿನ ಬೂತಿನ ದೀಪದ ಕೆಳಗೆ ಹೋಗಿ ನಿಂತೆ, ಅವನು ಹೋದ ಮೇಲೂ ಅಲ್ಲಿಂದ ಕದಲಲು ಹತ್ತು ನಿಮಿಷ ಬೇಕಾಯಿತು. ಹೆಂಗಸೊಬ್ಬಳು ಮಬ್ಬುಗತ್ತಲಲ್ಲಿ ಒಬ್ಬಳೇ ಓಡಿದರೆ ನೋಡಿದವರಿಗೆ ಅವಳು ಯಾರಿಂದಲೋ ತಪ್ಪಿಸಿಕೊಂಡು ಓಡುತ್ತಿರುವ ಹಾಗೆ ಕಾಣುತ್ತದೆ. ಅದೇ ಹತ್ತು ಜನ ಓಡಿದರೆ ವ್ಯಾಯಾಮ. ಇದು ನ್ಯಾಯವಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೂ ನನ್ನನ್ನು ಗುಂಪಿಗೆ ತಂದು ಸೇರಿಸಿದ್ದು ಆ ಭಯವೇ.

ಆಫೀಸಿನಲ್ಲಿ ನನ್ನ ಎದುರು ಕೂರುತ್ತಿದ್ದವಳು ಹೇಳಿದಳು, ಭಾನುವಾರ ಕಬ್ಬನ್ ಪಾರ್ಕಿಗೆ ಬಾ, ನಾವೊಂದಿಷ್ಟು ಜನ ಸೇರ್ತೀವಿ ಅಂತ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. 1870ರಲ್ಲಿ ಮಾಡಿದ ತೋಟ ಅದು. ವಾರದ ದಿನಗಳಲ್ಲಿ ಕಾರುಗಳು ಹರಿಯುವ ರಸ್ತೆಯಲ್ಲಿ ಆ ಒಂದು ಬೆಳಿಗ್ಗೆ ಮಕ್ಕಳು ಸ್ಕೇಟಿಂಗ್ ಮಾಡುತ್ತಿರುತ್ತಾರೆ, ನಾಯಿಗಳು ಮಾಲೀಕರನ್ನು ಎಳೆದುಕೊಂಡು ಹೋಗುತ್ತಿರುತ್ತವೆ, ಯಾರೋ ಬಿದಿರು ಮೆಳೆಯ ಕೆಳಗೆ ಕೊಳಲು ಕಲಿಯುತ್ತಿರುತ್ತಾರೆ. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಹತ್ತಿರ ಇಪ್ಪತ್ತು ಇಪ್ಪತ್ತೈದು ಜನ ನಿಂತಿದ್ದರು. ಯಾರೂ ನನ್ನ ಹೆಸರು, ಕೆಲಸ ಏನೂ ಕೇಳಲಿಲ್ಲ. "ಮಂಡಿ ನೋವು ಏನಾದ್ರೂ ಇದ್ಯಾ?" ಅಂತ ಒಬ್ಬರು ಕೇಳಿದರು, ಇಲ್ಲ ಅಂದೆ. ಅಷ್ಟೇ, ಸೇರಿಸಿಕೊಂಡರು.

ಮೂರನೇ ಕಿಲೋಮೀಟರಿಗೆ ನನ್ನ ಉಸಿರು ಮೇಲೆ ಬಂತು. ಗುಂಪು ಮುಂದೆ ಹೋಯಿತು. ಆದರೆ ನನ್ನ ಪಕ್ಕ ಒಬ್ಬರು ಉಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಐವತ್ತು ದಾಟಿದ ಮೇಡಂ. ಪ್ರತಿ ಗುಂಪಿನಲ್ಲೂ ಕೊನೆಯವರ ಜೊತೆ ಓಡಲು ಒಬ್ಬರನ್ನು ನೇಮಿಸಿರುತ್ತಾರೆ, ಅವರಿಗೆ ಸ್ವೀಪ್ ಅನ್ನುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಅವರು ಮನಸ್ಸು ಮಾಡಿದ್ದರೆ ನನಗಿಂತ ಎರಡು ಪಟ್ಟು ಜೋರಾಗಿ ಓಡಬಹುದಿತ್ತು. "ಮಾತಾಡ್ತಾ ಓಡಿ. ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಾ ಇಲ್ಲ ಅಂದ್ರೆ ಜಾಸ್ತಿ ಓಡ್ತಾ ಇದೀರ ಅಂತ ಅರ್ಥ" ಅಂದರು. ಮೈ ಕಟ್ಟುವ ಓಟಗಳಲ್ಲಿ ಹೆಚ್ಚಿನವು ಹೀಗೆ ಮಾತಾಡಬಲ್ಲಷ್ಟು ನಿಧಾನವಾಗಿರಬೇಕು ಎನ್ನುವುದು ನಾನು ಕಲಿತ ಮೊದಲ ಪಾಠ. ಒಬ್ಬಳೇ ಓಡುವಾಗ ನಾನು ಮಾತಾಡುವುದಾದರೂ ಯಾರ ಹತ್ತಿರ? ದಿನವೂ ಮಿತಿ ಮೀರಿ ಓಡಿ, ದಿನವೂ ಸೋತು ಬರುತ್ತಿದ್ದೆ. ಆವತ್ತು ನಮ್ಮೂರಿನ ಅಡಿಕೆ ಕೊಯ್ಲಿನ ವಿಷಯ ಹೇಳುತ್ತ ಹೇಳುತ್ತ ಐದು ಕಿಲೋಮೀಟರ್ ಆಗಿದ್ದೇ ತಿಳಿಯಲಿಲ್ಲ.

ನನ್ನಿಂದ ನಿಮ್ಮ ಓಟ ಹಾಳಾಯ್ತು ಅಂದೆ. ಅವರು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ನಾನು ಬಂದ ದಿನ ನನ್ ಜೊತೆಗೂ ಒಬ್ರು ಓಡಿದ್ರು. ಇನ್ನೊಂದಾರು ತಿಂಗಳಿಗೆ ಇಲ್ಲಿಗೆ ಹೊಸಬರು ಯಾರಾದ್ರೂ ಬರ್ತಾರಲ್ಲ, ಅವರ ಜೊತೆ ನೀವು ಓಡಿ. ಸರಿ ಹೋಗುತ್ತೆ."

ಸರಿ ಹೋಗುತ್ತೆ ಅನ್ನುವ ಮಾತು ತಲೆಯಲ್ಲಿ ಉಳಿಯಿತು. ಲೆಕ್ಕ ಸರಿ ಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದ ದನಿ ಅದು.

ಮಲೆನಾಡಿನವರಿಗೆ ಮುಯ್ಯಾಳು ಅಂದರೆ ವಿವರಿಸಬೇಕಿಲ್ಲ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ: ಇವತ್ತು ನಿಮ್ಮ ಗದ್ದೆಯ ನೆಟ್ಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ದುಡ್ಡಿನ ಮಾತಿಲ್ಲ. ದಿನಕ್ಕೆ ದಿನ, ಆಳಿಗೆ ಆಳು. ನಾನು ಚಿಕ್ಕವಳಿದ್ದಾಗ ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ಕೇರಿಯ ಹೆಂಗಸರೆಲ್ಲ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹೊದ್ದು ಗದ್ದೆಗೆ ಇಳಿಯುತ್ತಿದ್ದರು. ಸಾಲಾಗಿ ಬಗ್ಗಿ ನಿಂತು, ಸಸಿ ನೆಡುತ್ತ ನೆಡುತ್ತ ಹಿಂದಕ್ಕೆ ಸರಿಯುವುದು. ಒಬ್ಬಳು ಪದ ಎತ್ತಿದರೆ ಉಳಿದವರು ಸೊಲ್ಲು ಹಾಕುತ್ತಿದ್ದರು. ಯಾರಾದರೂ ಬಸುರಿಯೋ ವಯಸ್ಸಾದವರೋ ಇದ್ದು ಅವರ ಪಾಲು ಹಿಂದೆ ಬಿದ್ದರೆ, ಅಕ್ಕಪಕ್ಕದವರು ಕೈ ಚಾಚಿ ಅವರ ನಾಲ್ಕು ಸಸಿಯನ್ನೂ ತಾವೇ ಊರಿ ಸಾಲು ಸರಿ ಮಾಡುತ್ತಿದ್ದರು. ಅದಕ್ಕಾಗಿ ಯಾರೂ ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಸಂಜೆ ಅಪ್ಪ ಮನೆಗೆ ಬಂದ ಕೂಡಲೇ ಕೇಳುತ್ತಿದ್ದುದು ಎಷ್ಟು ಗದ್ದೆ ಆಯಿತು ಅಂತಲ್ಲ, "ಎಷ್ಟು ಜನ ಬಂದಿದ್ರು?" ಅಂತ. ಜನ ಗೊತ್ತಾದರೆ ಗದ್ದೆ ಎಷ್ಟಾಗಿರುತ್ತದೆಂದು ತಾನಾಗೇ ಗೊತ್ತಾಗುತ್ತದೆ. ಜೊತೆಗೆ, ಮುಂದಿನ ವಾರ ನಾವು ಎಷ್ಟು ಮನೆಗೆ ಹೋಗಬೇಕು ಎನ್ನುವುದೂ.

ಈಗ ಆ ಗದ್ದೆಗಳಲ್ಲಿ ಬಹುಪಾಲು ಅಡಿಕೆ ತೋಟವಾಗಿವೆ. ತಪ್ಪು ಅನ್ನುವುದಕ್ಕೆ ನನಗೆ ಬಾಯಿಲ್ಲ, ನನ್ನ ಓದಿನ ಖರ್ಚು ಕೊಟ್ಟಿದ್ದು ಅಡಿಕೆಯೇ. ಉಳಿದ ಗದ್ದೆಗೆ ಕೂಲಿ ಆಳು, ಇಲ್ಲದಿದ್ದರೆ ಯಂತ್ರ. ಊರಿನಲ್ಲಿ ಕಳೆದುಹೋದ ಮುಯ್ಯಿ ನನಗೆ ಮತ್ತೆ ಸಿಕ್ಕಿದ್ದು ಬೆಂಗಳೂರಿನ ನಡುಮಧ್ಯೆ, ಹೆಸರೂ ಗೊತ್ತಿಲ್ಲದ ಜನರ ನಡುವೆ. ಒಂದು ವ್ಯತ್ಯಾಸವಿತ್ತು. ಊರಲ್ಲಿ ಮುಯ್ಯಿ ತೀರಿಸುವುದು ಬಂದವರ ಮನೆಗೇ ಹೋಗಿ. ಇಲ್ಲಿ ಪಡೆದದ್ದು ಒಬ್ಬರಿಂದ, ತೀರಿಸುವುದು ಇನ್ನೂ ಬಂದೇ ಇಲ್ಲದ ಇನ್ನೊಬ್ಬರಿಗೆ. ಅಷ್ಟು ದೊಡ್ಡ ಊರು ಹೇಗೆ ನಡೆಯುತ್ತದೆ ಎಂದು ನನಗೆ ಅಲ್ಪಸ್ವಲ್ಪ ಅರ್ಥವಾಗಿದ್ದು ಆಗಲೇ.

ಮಂಗಳವಾರ ಮತ್ತು ಗುರುವಾರ ಓಟ ಇರುತ್ತಿರಲಿಲ್ಲ, ಹುಲ್ಲಿನ ಮೇಲೆ ವರ್ಕೌಟ್ ಇರುತ್ತಿತ್ತು. ಸ್ಕ್ವಾಟ್, ಬರ್ಪಿ, ಸೂರ್ಯ ನಮಸ್ಕಾರ, ಕೊನೆಗೆ ಪ್ಲ್ಯಾಂಕ್. ಎರಡೂ ಮೊಣಕೈ ನೆಲಕ್ಕೂರಿ, ಕಾಲ್ಬೆರಳ ಮೇಲೆ ಇಡೀ ಮೈಯನ್ನು ಹಲಗೆಯಂತೆ ನೇರ ಹಿಡಿಯಬೇಕು. ನಮ್ಮಲ್ಲೊಂದು ಪದ್ಧತಿಯಿತ್ತು. ಅರವತ್ತು ಎಣಿಸಬೇಕು, ಮೂರು ಜನ ಇಪ್ಪತ್ತಿಪ್ಪತ್ತು, ಅವರವರ ಮಾತಿನಲ್ಲಿ. ಮೊದಲು ಒಬ್ಬರು ತಮಿಳಿನಲ್ಲಿ ಎಣಿಸುತ್ತಿದ್ದರು, ಆಮೇಲೆ ಹಿಂದಿಯೋ ಬಂಗಾಳಿಯೋ ಬರುತ್ತಿತ್ತು. ನನ್ನ ಪಾಳಿ ಯಾವಾಗಲೂ ಕೊನೆಗೆ. ಮೂಗಿನಿಂದ ಒಂದು ಗೇಣು ದೂರದಲ್ಲಿ ಹುಲ್ಲು, ಹುಲ್ಲಿನ ಬುಡದಲ್ಲಿ ಕೆಂಪು ಮಣ್ಣು, ಅದರ ಮೇಲೆ ಇರುವೆಯೊಂದು ಏನನ್ನೋ ಹೊತ್ತುಕೊಂಡು ಹೋಗುತ್ತಿದೆ. ಮೂಗಿನ ತುದಿಯ ಬೆವರು ಅದರ ದಾರಿಗೆ ಬೀಳದಿರಲಿ ಎಂದು ನೋಡುತ್ತಿದ್ದೇನೆ. ಪಕ್ಕದವನ ಮೊಣಕೈ ನಡುಗುತ್ತಿದೆ, ಆ ನಡುಕ ನೆಲದ ಮೂಲಕ ನನ್ನ ಮೊಣಕೈಗೂ ಬರುತ್ತಿದೆ ಅನ್ನಿಸುತ್ತಿದೆ. ಹದಿನೇಳು. ಹದಿನೆಂಟು. ಕನ್ನಡದ ಹತ್ತೊಂಬತ್ತು ಹೇಳಲು ಉದ್ದ. ಆ ಒಂದು ಎಣಿಕೆಯಲ್ಲಿ ಇಪ್ಪತ್ತು ಜನರ ಹೊಟ್ಟೆಯ ಸ್ನಾಯು ಉರಿಯುವುದು ಕೇಳಿಸುತ್ತಿತ್ತು. ಯಾರೂ ಕೆಳಗೆ ಬೀಳುತ್ತಿರಲಿಲ್ಲ. ಇಪ್ಪತ್ತು ಅಂದ ತಕ್ಷಣ ಎಲ್ಲರೂ ಒಟ್ಟಿಗೆ ಹುಲ್ಲಿನ ಮೇಲೆ ಕುಸಿಯುತ್ತಿದ್ದೆವು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಉತ್ತರ ಭಾರತದ ಹುಡುಗರೂ ನನ್ನ ಜೊತೆ ಹತ್ತೊಂಬತ್ತು ಎಂದು ಹಲ್ಲು ಕಚ್ಚಿ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಕನ್ನಡ ಕಲಿಸಲು ನಾನು ಮಾಡಿದ ಕೆಲಸ ಅದೊಂದೇ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಮನೆಯಲ್ಲಿ ಒಬ್ಬಳೇ ಮಾಡಿದರೆ ನಲವತ್ತಕ್ಕೆ ಬೀಳುತ್ತಿದ್ದೆ. ನಮ್ಮ ಗುಂಪಿನಲ್ಲಿದ್ದ ಡಾಕ್ಟರೊಬ್ಬರು ಇದಕ್ಕೆ ಆಕ್ಸ್‌ಫರ್ಡ್‌ನ ಒಂದು ಪ್ರಯೋಗದ ಕತೆ ಹೇಳಿದ್ದರು. ಅಲ್ಲಿನ ವಿಶ್ವವಿದ್ಯಾಲಯದ ದೋಣಿ ತಂಡದ 12 ಹುಡುಗರಿಗೆ ಯಂತ್ರದ ಮೇಲೆ ಹುಟ್ಟು ಹಾಕಿಸಿದರಂತೆ, ಒಮ್ಮೆ ಒಬ್ಬೊಬ್ಬರೇ, ಒಮ್ಮೆ ಒಟ್ಟಾಗಿ. ಮುಗಿದ ಮೇಲೆ ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದು, ನೋವು ಎಲ್ಲಿಯವರೆಗೆ ತಡೆಯುತ್ತಾರೆ ನೋಡಿದರು. ಎರಡು ಸಲವೂ ಮಾಡಿದ ಕೆಲಸ ಅಷ್ಟೇ, ಆದರೆ ಒಟ್ಟಾಗಿ ಹುಟ್ಟು ಹಾಕಿದ ದಿನ ನೋವು ತಾಳುವ ಶಕ್ತಿ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಮೈಯೊಳಗೇ ಹುಟ್ಟುವ ಎಂಡಾರ್ಫಿನ್ ಎಂಬ ನೋವುಶಾಮಕ ಜೊತೆಗೂಡಿ ದುಡಿದಾಗ ಹೆಚ್ಚು ಸುರಿಯುತ್ತದೆ ಎಂಬುದು ಅವರ ಊಹೆ. ಕೇಳುತ್ತಿದ್ದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಮನೆಯ ಅಂಗಳ. ಚಳಿಗಾಲದ ರಾತ್ರಿ, ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹನ್ನೊಂದು ಗಂಟೆಯವರೆಗೂ ಅಡಿಕೆ ಸುಲಿಯುತ್ತಿದ್ದರು. ಬೆರಳು ಕಪ್ಪಾಗಿ ಬಿರಿದಿರುತ್ತಿತ್ತು, ಬೆನ್ನು ಬಿದ್ದುಹೋಗಿರುತ್ತಿತ್ತು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಅದೇ ಬುಟ್ಟಿಯನ್ನು ಒಬ್ಬಳ ಮುಂದೆ ಇಟ್ಟು ನೋಡಿ, ಒಂಬತ್ತು ಗಂಟೆಗೇ ತೂಕಡಿಸುತ್ತಾಳೆ.

ಫನ್ ರನ್ ಬಗ್ಗೆ ಹೇಳಲೇಬೇಕು. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ಎಂಬ ಹತ್ತು ಕಿಲೋಮೀಟರ್ ಓಟ ನಡೆಯುತ್ತಿದೆ. ಮೊದಲೆಲ್ಲ ಮೇ ತಿಂಗಳಲ್ಲಿ, ಈಚೆಗೆ ಏಪ್ರಿಲ್‌ನಲ್ಲಿ. ಪ್ರಪಂಚದ ಅತಿವೇಗದ ಓಟಗಾರರು ಓಡುವ ದಿನವೇ ಅದರ ಜೊತೆ ಮಜಾ ರನ್ ಅಂತ ಒಂದಿರುತ್ತದೆ, ಐದಾರು ಕಿಲೋಮೀಟರಿನದು. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಅಜ್ಜಿ ಮೊಮ್ಮಗನ ಕೈ ಹಿಡಿದು ನಡೆಯುತ್ತಾಳೆ, ಯಾರೋ ಯಕ್ಷಗಾನದ ಕಿರೀಟ ಕಟ್ಟಿಕೊಂಡು ಬಂದಿರುತ್ತಾರೆ. ನಾನು ಮೊದಲ ವರ್ಷ ಮಜಾ ರನ್ ಓಡಿದೆ, ಮರುವರ್ಷ ಹತ್ತು ಕಿಲೋಮೀಟರ್. ಹತ್ತರಲ್ಲಿ ಎದೆಗೆ ಕಟ್ಟಿಕೊಳ್ಳುವ ನಂಬರಿನ ಹಿಂದೆ ಒಂದು ಚಿಪ್ ಇರುತ್ತದೆ. ನೀವು ಆರಂಭದ ಮ್ಯಾಟ್ ತುಳಿದಾಗಿನಿಂದ ನಿಮ್ಮ ಗಡಿಯಾರ ಶುರು. ಹಾಗಾಗಿ ಹಿಂದೆ ನಿಂತವರಿಗೆ ನಷ್ಟವಿಲ್ಲ, ಗುಂಡು ಹಾರಿದ ಕೂಡಲೇ ನುಗ್ಗಬೇಕಿಲ್ಲ. ಬಹಳ ಚೆಂದದ ಏರ್ಪಾಡು ಅನ್ನಿಸಿತು ನನಗೆ. ವಿಧಾನಸೌಧದ ಮುಂದಿನ ರಸ್ತೆ ನಡುವೆ ಓಡುವಾಗ ಗಂಟಲು ಕಟ್ಟಿತು. ದಿನವೂ ಬಸ್ಸಿನ ಕಿಟಕಿಯಿಂದ, ಹಾರನ್ನುಗಳ ನಡುವೆ ನೋಡುತ್ತಿದ್ದ ಕಟ್ಟಡ. ಅದರ ಮುಂದೆ ಈಗ ಸಾವಿರಾರು ಬೂಟುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಜಡಿಮಳೆ ಹೆಂಚಿನ ಮೇಲೆ ಬಿದ್ದ ಹಾಗಿತ್ತು.

ಎಲ್ಲ ಕಡೆ ಹೀಗಿರುತ್ತದೆ ಅಂತಲ್ಲ. ಇನ್ನೊಂದು ಓಟದಲ್ಲಿ, ಹೆಸರು ಬೇಡ, ನಾನು ಸ್ವೀಪ್ ಆಗಿ ಹೊಸಬಳೊಬ್ಬಳ ಜೊತೆ ಕೊನೆಯಲ್ಲಿ ಬರುತ್ತಿದ್ದೆ. ಎಂಟನೇ ಕಿಲೋಮೀಟರಿಗೆ ಹೋದರೆ ನೀರಿನ ಮೇಜು ಮಡಚಿ ಲಾರಿಗೆ ಹಾಕುತ್ತಿದ್ದರು. ಒಂದು ಗುಟುಕು ನೀರೂ ಉಳಿದಿರಲಿಲ್ಲ. ಬಿಸಿಲಿನಲ್ಲಿ ಅತಿ ಹೆಚ್ಚು ಹೊತ್ತು ಇರುವವರೇ ನಿಧಾನ ಓಡುವವರು, ನೀರು ಅತಿ ಹೆಚ್ಚು ಬೇಕಾಗುವುದೂ ಅವರಿಗೇ. ಆ ಹುಡುಗಿಯ ತುಟಿ ಬೆಳ್ಳಗಾಗಿತ್ತು. ರಸ್ತೆ ಬದಿಯ ಎಳನೀರಿನವರು ನಮ್ಮನ್ನು ಕೂರಿಸಿ ಎರಡು ಎಳನೀರು ಕೆತ್ತಿ ಕೊಟ್ಟರು, ದುಡ್ಡು ಬೇಡ ಅಂದರು. ಒಂದು ಓಟ ಚೆನ್ನಾಗಿ ನಡೆಯಿತೋ ಇಲ್ಲವೋ ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಕೊನೆಯವರಿಗೆ ನೀರು ಸಿಕ್ಕಿತಾ ಅಂತ.

ಅಮ್ಮನ ಮಂಡಿ ಸೋತ ಮೇಲೆ ನಾನು ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು ಮಾಡಿಕೊಂಡು ಶಿವಮೊಗ್ಗಕ್ಕೆ ಬಂದೆ. ನೆಹರೂ ಸ್ಟೇಡಿಯಂನಲ್ಲಿ ಮೊದಲ ದಿನ ನಾವು ಮೂವರು. ಈಗ ಹದಿನಾಲ್ಕು. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್, ಶಿವಮೊಗ್ಗದ್ದು 570ರ ಆಸುಪಾಸು. ಏಪ್ರಿಲ್ ಬೆಳಿಗ್ಗೆ ಇಲ್ಲಿ ಓಡಿದರೆ ಆ ವ್ಯತ್ಯಾಸ ಬೆವರಾಗಿ ಬೆನ್ನ ಮೇಲೆ ಇಳಿಯುತ್ತದೆ. ಮಳೆಗಾಲ ಬೇರೆಯೇ ಲೋಕ. ಆರಿದ್ರಾ ಮಳೆಯಲ್ಲಿ ಹೊಳೆ ಸೇತುವೆಯ ಮೇಲೆ ಓಡುವಾಗ ನಮ್ಮದೆಲ್ಲ ಒಂದೇ ಮಾತು, ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಕಲ್ಲಿನ ಮಂಟಪ ಎಷ್ಟು ಮುಳುಗಿದೆ ಅಂತ. ರಜೆಯ ದಿನ ಗಾಜನೂರಿನ ಕಡೆಗೆ ಹೋಗುತ್ತೇವೆ. ದಾರಿಯಲ್ಲಿ ಎದುರು ಸಿಕ್ಕವರು ಇನ್ನೂ ಕೇಳುತ್ತಾರೆ, "ಎಂತಕ್ಕೆ ಮಾರಾಯ್ರೆ ಓಡದು? ಬಸ್ ತಪ್ಪಿಹೋಯ್ತಾ?" ಕೇಳಲಿ. ಹಾಗೆ ಕೇಳಿದ ಒಬ್ಬರು, ನಿವೃತ್ತ ಮೇಷ್ಟ್ರು, ಈಗ ನಮ್ಮ ಹದಿನಾಲ್ಕರಲ್ಲಿ ಒಬ್ಬರು. ಅವರ ಜೊತೆ ಮೊದಲ ಒಂದು ತಿಂಗಳು ನಾನೇ ಕೊನೆಯಲ್ಲಿ ಓಡಿದೆ. ಕಬ್ಬನ್ ಪಾರ್ಕಿನ ಮೇಡಂಗೆ ಆ ರಾತ್ರಿ ಮೆಸೇಜು ಹಾಕಿದೆ: ಸರಿ ಹೋಯಿತು.

ಕಳೆದ ಜುಲೈನಲ್ಲಿ ನಮ್ಮೂರ ಕಡೆ ಕೆಸರುಗದ್ದೆ ಓಟ ಇಟ್ಟಿದ್ದರು. ನೋಡಬೇಕು ಅಂತ ಬೆಂಗಳೂರಿನ ಗುಂಪಿನಿಂದ ಐದು ಜನ ರಾತ್ರಿ ಬಸ್ಸಿಗೆ ಬಂದರು, ಮೇಡಂ ಕೂಡ. ಕೆಸರಿನಲ್ಲಿ ಓಡುವುದಕ್ಕೆ ರಸ್ತೆಯ ಕಾಲು ಸಾಲದು. ನಿಂತರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಬೆರಳು ಕೆಳಕ್ಕೆ ಚೂಪು ಮಾಡಿ, ಕಾಲನ್ನು ಒರೆಯಿಂದ ಕತ್ತಿ ಎಳೆದ ಹಾಗೆ ಎಳೆದು ಮುಂದಿಡಬೇಕು. ಹತ್ತು ಕಿಲೋಮೀಟರನ್ನು ನಲವತ್ತು ನಿಮಿಷದಲ್ಲಿ ಮುಗಿಸುವ ಹುಡುಗ ಮೂರನೇ ಹೆಜ್ಜೆಗೆ ಮುಖ ಅಡಿ ಮಾಡಿ ಬಿದ್ದ. ಅಂಚಿನ ಮೇಲೆ ನಿಂತಿದ್ದ ಜನ ಗೆದ್ದವರಿಗಿಂತ ಹೆಚ್ಚು ಕೇಕೆ ಹೊಡೆದಿದ್ದು ಅವನಿಗೇ. ಅವನು ಎದ್ದು, ಕಣ್ಣಿನ ಕೆಸರು ಒರೆಸಿಕೊಂಡು, ಕೊನೆಯವನಾಗಿ ಹಗ್ಗ ಮುಟ್ಟುವವರೆಗೂ ಕೇಕೆ ನಿಲ್ಲಲಿಲ್ಲ.

ಮರುದಿನ ಅಮ್ಮನ ಅರ್ಧ ಎಕರೆ ಗದ್ದೆ ನೆಟ್ಟಿ. ಅಷ್ಟೇ ಉಳಿದಿರುವುದು ನಮಗೆ. ಬರುತ್ತೇವೆ ಅಂದಿದ್ದ ಕೂಲಿಯವರಲ್ಲಿ ಬಂದವರು ಇಬ್ಬರು. ತಿಂಡಿ ತಿನ್ನುತ್ತಿದ್ದ ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡುಬಿನ ತಟ್ಟೆ ತೊಳೆದಿಟ್ಟು, ಗದ್ದೆಗೆ ಇಳಿದರು. ಅಮ್ಮ ಅಂಚಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಳು. "ಬುಡಕ್ಕೆ ಹೆಬ್ಬೆರಳು ಕೊಡಿ, ಆಳಕ್ಕೆ ಒತ್ತಬೇಡಿ. ನಾಲ್ಕೈದು ಸಸಿ ಸಾಕು ಒಂದು ಬುಡಕ್ಕೆ" ಅಂತ ಹೇಳಿಕೊಟ್ಟಳು. ಕೆಲಸದ ಹೆಂಗಸೊಬ್ಬಳು ಪದ ಎತ್ತಿದಳು. ಇವರಿಗೆ ಸೊಲ್ಲು ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಂಗಾಳದ ಹುಡುಗ ಬಗ್ಗಿದ ಬೆನ್ನಿನಲ್ಲೇ ಶುರು ಮಾಡಿದ: ಒಂದು, ಎರಡು, ಮೂರು. ಉಳಿದವರು ಸೇರಿದರು. ಇಪ್ಪತ್ತಾದ ಮೇಲೆ ಸಾಲು ಒಂದು ಹೆಜ್ಜೆ ಹಿಂದೆ. ಮತ್ತೆ ಒಂದರಿಂದ. ಮೇಡಂ ಹಿಂದೆ ಬಿದ್ದರು, ಸೊಂಟ ಹಿಡಿದಿತ್ತು. ನಾನು ಕೈ ಚಾಚಿ ಅವರ ಪಾಲಿನ ನಾಲ್ಕು ಸಸಿ ಊರಿದೆ. ಅವರು ತಲೆ ಎತ್ತಿ ನೋಡಲಿಲ್ಲ. ಸಂಜೆ ನಾಲ್ಕಕ್ಕೆ ಗದ್ದೆ ಮುಗಿಯಿತು. ಸಾಲು ನೆಟ್ಟಗೆ ಬಂದಿರಲಿಲ್ಲ, ಅಮ್ಮ ಏನೂ ಅನ್ನಲಿಲ್ಲ.

ಅವರೆಲ್ಲ ಬಸ್ಸು ಹತ್ತಿದ ಮೇಲೆ ಅಮ್ಮ ಕೇಳಿದಳು, "ಐದು ಆಳಿನ ಮುಯ್ಯಿ ಆಯ್ತು. ಅವರ ಗದ್ದೆಗೆ ನಾವು ಯಾವಾಗ ಹೋಗದು?"

"ಅವರಿಗೆ ಗದ್ದೆ ಎಲ್ಲಿದೆ ಅಮ್ಮ, ಬೆಂಗಳೂರಲ್ಲಿ?"

ಅಮ್ಮ ಸ್ವಲ್ಪ ಯೋಚನೆ ಮಾಡಿದಳು. "ಹಂಗಾದ್ರೆ ಓಡಕ್ಕಾದ್ರೂ ಹೋಗು. ಐದು ದಿನ."

ಮೂರು ದಿನ ಆಗಿದೆ. ನಾಲ್ಕನೆಯದಕ್ಕೆ ಈ ಶನಿವಾರ ರಾತ್ರಿಯ ಬಸ್ಸು, ಸೀಟು ಮಾಡಿಸಿದ್ದೇನೆ. ಬ್ಯಾಗಿನಲ್ಲಿ ಬೂಟಿನ ಪಕ್ಕ, ಬಟ್ಟೆ ಸುತ್ತಿದ ಐದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಇದೆ.